ಬೋಲ್ಟಿಗೆ ಸಾಲು ಹೊಡೆದರೆ ಲಾಭವೇನು?

ಬೇಟೆ ರೈಫಲ್‌ಗಳ ವಿಡಿಯೊ ನೋಡುವ ಚಟ ನಮ್ಮ ಹಾಸ್ಟೆಲ್‌ಗಳಲ್ಲಿ ಎಷ್ಟು ಜನಕ್ಕಿದೆ ಅಂತ ಲೆಕ್ಕ ಹಾಕೋಕೆ ಹೋಗಬೇಡಿ. ಆ ವಿಡಿಯೊಗಳಲ್ಲಿ ಒಂದು ವಸ್ತು ಪದೇ ಪದೇ ಕಾಣುತ್ತೆ: ರೈಫಲ್‌ನ ಬೋಲ್ಟ್, ಅದರ ಮೈಮೇಲೆ ಉದ್ದಕ್ಕೋ ಸುರುಳಿಯಾಗಿಯೋ ಕೊರೆದ ಸಾಲುಗಳು. ಇದಕ್ಕೆ ಫ್ಲೂಟಿಂಗ್ ಅಂತಾರೆ. ಹೊಲದಲ್ಲಿ ಸಾಲು ಹೊಡೆದ ಹಾಗೇ; ನೇಗಿಲಿನ ಬದಲು ಮಿಲ್ಲಿಂಗ್ ಕಟರ್, ಮಣ್ಣಿನ ಬದಲು ಉಕ್ಕು. ಇದನ್ನು ಹೊಗಳುವವರು ನಾಲ್ಕು ಮಾತು ಹೇಳ್ತಾರೆ. ಹಗುರ ಆಗುತ್ತೆ, ಗಟ್ಟಿ ಆಗುತ್ತೆ, ನುಣ್ಣಗೆ ಓಡುತ್ತೆ, ಬೇಗ ಸಿಡಿಯುತ್ತೆ.

ಲೋಹ ತೆಗೆದರೆ ಹಗುರ ಆಗೋದು ಸರಿ. ಗಟ್ಟಿಯೂ ಆಗೋದು ಹೇಗೆ? ಮೆಕ್ಯಾನಿಕಲ್‌ನವರಾದ ನಮಗೆ ಅಲ್ಲೇ ಅನುಮಾನ ಬರಬೇಕು. ನಮ್ಮ ಬಳಗದಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆಯವರೂ ಇದ್ದಾರೆ. ಗೋವಿನಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ಕಾಡುಹಂದಿ ನುಗ್ಗೋದು, ರಾತ್ರಿ ಮಂಚಿಕೆ ಮೇಲೆ ಕೂತು ಹೊಲ ಕಾಯೋದು, ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಬಂದೂಕು ಇವೆಲ್ಲ ಅವರಿಗೆ ಪರದೆ ಮೇಲಿನ ಕಥೆ ಅಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ಕ್ಯಾಲ್ಕುಲೇಟರ್ ಹಿಡಿದೇ ನೋಡೋಣ.

ಬೋಲ್ಟ್ ಮಾಡುವ ಕೆಲಸ

ಎನ್‌ಸಿಸಿಯಲ್ಲಿ .22 ಡಿಲಕ್ಸ್ ರೈಫಲ್ ಹಿಡಿದವರಿಗೆ ಬೋಲ್ಟ್ ಗೊತ್ತೇ ಇರುತ್ತೆ. ಹಿಡಿಕೆ ಮೇಲೆತ್ತಿ ಹಿಂದಕ್ಕೆ ಎಳೆದರೆ ಖಾಲಿ ಕೋಶ ಹೊರಗೆ, ಮುಂದಕ್ಕೆ ತಳ್ಳಿದರೆ ಹೊಸ ತೋಟಾ ಒಳಗೆ, ಹಿಡಿಕೆ ಕೆಳಗಿಳಿಸಿದರೆ ಬೀಗ. ಹಳೇ ಮನೆ ಬಾಗಿಲಿನ ಚಿಲಕ ಸರಿಸಿ ತಿರುಗಿಸಿದ ಹಾಗೆ. ವ್ಯತ್ಯಾಸ ಇಷ್ಟೇ: ಮನೆ ಚಿಲಕ ಕಳ್ಳನನ್ನು ತಡೀಬೇಕು, ಈ ಚಿಲಕ ಒಳಗೆ ಹೊತ್ತಿಕೊಂಡ ಮದ್ದಿನ ಒತ್ತಡವನ್ನು ತಡೀಬೇಕು. ಅದರ ಹಿಂದೆ ಒಂದು ಗೇಣು ದೂರದಲ್ಲಿ ಗುಂಡು ಹಾರಿಸುವವರ ಕಣ್ಣು ಇರುತ್ತೆ.

ಒತ್ತಡ ಎಷ್ಟು? ಬೇಟೆ ರೈಫಲ್‌ಗಳಲ್ಲಿ ಬಹಳ ಹೆಸರಾದ .30-06 ತೋಟಾಕ್ಕೆ ಅಮೆರಿಕದ ತಯಾರಕರ ಸಂಘ ಗೊತ್ತು ಮಾಡಿರುವ ಗರಿಷ್ಠ ಮಿತಿ 60,000 ಪಿಎಸ್‌ಐ, ಅಂದರೆ ಸುಮಾರು 414 ಮೆಗಾಪ್ಯಾಸ್ಕಲ್. ಕೋಶದ ಒಳವ್ಯಾಸ 10 ಮಿ.ಮೀ. ಅಂತ ಹಿಡಿದರೆ ಒತ್ತಡ ಬೀಳುವ ಜಾಗ 78.5 ಚದರ ಮಿ.ಮೀ. ಗುಣಿಸಿ ನೋಡಿ: 32.5 ಕಿಲೋನ್ಯೂಟನ್. ನಮ್ಮ ಎಪಿಎಂಸಿ ಭಾಷೆಯಲ್ಲಿ ಹೇಳೋದಾದರೆ 33 ಕ್ವಿಂಟಲ್ ಗೋವಿನಜೋಳದ ಭಾರ, ಒಂದು ಸೆಕೆಂಡಿನ ಸಾವಿರದ ಒಂದೆರಡು ಭಾಗದ ಹೊತ್ತು, ಬೆರಳು ಗಾತ್ರದ ಉಕ್ಕಿನ ಮೇಲೆ.

ಈ ಭಾರ ಹೊರುವ ತುಂಡಿನಿಂದ ನಾವು ಲೋಹ ಕೆತ್ತಿ ತೆಗೆಯೋಣ ಅಂತಿದ್ದೀವಿ. ನೆನಪಿರಲಿ.

ಮೊದಲ ಮಾತು: ಹಗುರ ಆಗುತ್ತೆ

ಒಂದು ಮಾದರಿ ಬೋಲ್ಟ್ ತಗೊಳ್ಳೋಣ. ಹೊರವ್ಯಾಸ 17.8 ಮಿ.ಮೀ. ಒಳಗೆ ಸ್ಪ್ರಿಂಗ್ ಮತ್ತು ಫೈರಿಂಗ್ ಪಿನ್ ಕೂರೋಕೆ 12 ಮಿ.ಮೀ. ತೂತು. ಅಂದರೆ ಗೋಡೆಯ ದಪ್ಪ 2.9 ಮಿ.ಮೀ. ಇದರ ಮೇಲೆ 6 ಮಿ.ಮೀ. ಬಾಲ್ ನೋಸ್ ಕಟರ್‌ನಿಂದ 1.5 ಮಿ.ಮೀ. ಆಳದ ಆರು ಸಾಲು, ಒಂದೊಂದೂ 80 ಮಿ.ಮೀ. ಉದ್ದ.

ಎರಡು ವೃತ್ತಗಳು ಒಂದರ ಮೇಲೊಂದು ಬಿದ್ದಾಗ ಸಿಗುವ ವಿಸ್ತೀರ್ಣದ ಸೂತ್ರ ಹಾಕಿದರೆ ಒಂದು ಸಾಲಿನ ಅಡ್ಡಕೊಯ್ತ ಸುಮಾರು 5 ಚದರ ಮಿ.ಮೀ. ಆರಕ್ಕೆ 30. ಉದ್ದ 80ರಿಂದ ಗುಣಿಸಿ, ಉಕ್ಕಿನ ಸಾಂದ್ರತೆ ಹಾಕಿದರೆ ಹೊರಬಿದ್ದ ಚೂರಿನ ತೂಕ ಸುಮಾರು 18 ಗ್ರಾಂ.

ದುರ್ಬೀನು ಸಮೇತ ಒಂದು ಬೇಟೆ ರೈಫಲ್ ಮೂರೂವರೆ ಕೆ.ಜಿ. ದಾಟುತ್ತೆ. ಅದರಲ್ಲಿ 18 ಗ್ರಾಂ ಅಂದರೆ ಶೇ. 0.5. ಒಂದು .30-06 ತೋಟಾದ ತೂಕವೇ ಸುಮಾರು 25 ಗ್ರಾಂ. ಹೋಗುವಾಗ ಜೇಬಿನಿಂದ ಒಂದು ತೋಟಾ ತೆಗೆದು ಮನೇಲಿಟ್ಟರೆ ಇದಕ್ಕಿಂತ ಹೆಚ್ಚು ತೂಕ ಇಳಿಯುತ್ತೆ, ಅದೂ ಬಿಟ್ಟಿ. ಹಿರೇಕೆರೂರಿನ ರೈತ ಬೆನ್ನಿಗೆ ಹಾಕ್ಕೊಳ್ಳುವ 16 ಲೀಟರ್ ಸ್ಪ್ರೇಯರ್‌ನಲ್ಲಿ 18 ಮಿಲಿ ನೀರು ಕಮ್ಮಿ ತುಂಬಿದರೆ ಎಷ್ಟು ನಿರಾಳವೋ, ಇದೂ ಅಷ್ಟೇ ನಿರಾಳ.

ಇನ್ನೊಂದು ವಿಷಯ. ತೂಕ ಎಷ್ಟು ಇಳೀತು ಅನ್ನೋದರ ಜೊತೆಗೆ ಎಲ್ಲಿ ಇಳೀತು ಅನ್ನೋದೂ ಮುಖ್ಯ. ಬೋಲ್ಟ್ ಇರೋದು ಎರಡು ಕೈಗಳ ನಡುವೆ, ಹೆಚ್ಚುಕಮ್ಮಿ ತೂಕದ ಮಧ್ಯಬಿಂದುವಿನ ಹತ್ತಿರ. ಅಲ್ಲಿ ಇಳಿದ ತೂಕದಿಂದ ಸಮತೋಲನ ಬದಲಾಗಲ್ಲ. ನಳಿಗೆಯ ತುದಿಯಲ್ಲಿ ಇಳಿದರೆ ಕೈಗೆ ಗೊತ್ತಾಗುತ್ತೆ, ಯಾಕಂದ್ರೆ ಅಲ್ಲಿ ಮೊಮೆಂಟ್ ಆರ್ಮ್ ದೊಡ್ಡದು. ನಳಿಗೆಗೆ ಸಾಲು ಹೊಡೆಯೋದರ ಗುಣಗಳನ್ನು ಬೋಲ್ಟಿನ ಲೆಕ್ಕಕ್ಕೆ ಬರೆದುಕೊಳ್ಳೋದು ಈ ಚರ್ಚೆಯ ಮಾಮೂಲಿ ಗೊಂದಲ. ಹೊರಮೈ ಹೆಚ್ಚಾಗಿ ಬೇಗ ತಣ್ಣಗಾಗುತ್ತೆ ಅನ್ನೋ ವಾದವೂ ನಳಿಗೆಯದ್ದೇ. ಬೋಲ್ಟ್ ಅಷ್ಟು ಕಾಯೋದೇ ಇಲ್ಲ.

ಎರಡನೇ ಮಾತು: ಗಟ್ಟಿ ಆಗುತ್ತೆ

ಬಾಗುವಿಕೆಗೆ ತಡೆ ಕೊಡೋದು ಮೊಮೆಂಟ್ ಆಫ್ ಇನರ್ಷಿಯಾ. ಅದರಲ್ಲಿ ದೂರ ವರ್ಗವಾಗಿ ಬರುತ್ತೆ. ಅಂದರೆ ಅಕ್ಷದಿಂದ ದೂರ ಇರುವ ಲೋಹವೇ ಹೆಚ್ಚು ದುಡಿಯೋ ಆಳು. ಕನೆಕ್ಟಿಂಗ್ ರಾಡಿಗೆ ಐ ಆಕಾರ ಕೊಡುವಾಗ ನಾವು ಲೋಹ ತೆಗೆಯೋದು ಅಕ್ಷದ ಹತ್ತಿರದಿಂದ, ಅಲ್ಲಿ ಸುಮ್ಮನೆ ಕೂತವರನ್ನು ಮನೆಗೆ ಕಳಿಸ್ತೀವಿ. ಬೋಲ್ಟಿನ ಹೊರಮೈಗೆ ಸಾಲು ಹೊಡೆಯೋದು ಇದಕ್ಕೆ ಉಲ್ಟಾ. ಹೆಚ್ಚು ದುಡಿಯುವ ಲೋಹವನ್ನೇ ತೆಗೀತೀವಿ.

ನಮ್ಮ ಮಾದರಿಗೆ ಲೆಕ್ಕ ಹಾಕಿದರೆ ಮೂಲ ಇನರ್ಷಿಯಾ ಸುಮಾರು 3,910 ಮಿ.ಮೀ. ಘಾತ ನಾಲ್ಕು. ಸಾಲು ಹೊಡೆದ ಮೇಲೆ ಸುಮಾರು 2,900. ಅಂದರೆ ಶೇ. 26ರಷ್ಟು ಇಳಿಕೆ. ಗಟ್ಟಿ ಆಗೋದಂತೂ ದೂರದ ಮಾತು.

ಹಾಗಾದರೆ ಗಟ್ಟಿ ಆಗುತ್ತೆ ಅನ್ನೋ ಮಾತು ಹುಟ್ಟಿದ್ದು ಎಲ್ಲಿ? ಅದರಲ್ಲೂ ಒಂದು ಕಾಳು ಸತ್ಯ ಇದೆ. ಸಾಲು ಹೊಡೆದ ಬೋಲ್ಟಿನಷ್ಟೇ ತೂಕ ಇರುವ, ಸಾಲಿಲ್ಲದ ಸಪೂರ ಬೋಲ್ಟ್ ಮಾಡಿದರೆ ಅದರ ಹೊರವ್ಯಾಸ 16.7 ಮಿ.ಮೀ. ಆಗುತ್ತೆ. ಅದರ ಇನರ್ಷಿಯಾ ಸುಮಾರು 2,790. ಇದರ ಎದುರು ಸಾಲಿನ ಬೋಲ್ಟ್ ಶೇ. 4ರಷ್ಟು ಗಟ್ಟಿ. ಒಂದೇ ತೂಕಕ್ಕೆ ಹೋಲಿಸಿದರೆ ಕೊಂಚ ಗಟ್ಟಿ, ಒಂದೇ ವ್ಯಾಸಕ್ಕೆ ಹೋಲಿಸಿದರೆ ಕಾಲು ಭಾಗ ಮೆದು. ಮಾರುವವರು ಮೊದಲನೇ ಹೋಲಿಕೆ ಹೇಳ್ತಾರೆ. ಕೊಳ್ಳುವವರ ಕೈಲಿರೋದು ಎರಡನೇದು, ಯಾಕಂದ್ರೆ ಅವರ ಹತ್ತಿರ ಈಗಾಗಲೇ 17.8 ಮಿ.ಮೀ. ಬೋಲ್ಟ್ ಇದೆ, ಅದನ್ನೇ ಕೊರೆಯೋಕೆ ಕೊಡ್ತಾರೆ.

ಅಸಲಿ ಪ್ರಶ್ನೆ: ಭಾರ ಯಾವ ದಾರಿಯಲ್ಲಿ ಹೋಗುತ್ತೆ?

ಇಲ್ಲಿವರೆಗೆ ಹೇಳಿದ್ದು ಪೀಠಿಕೆ. ಬೋಲ್ಟ್ ಸಿಡಿತದ ಹೊತ್ತಲ್ಲಿ ಬಾಗೋದಕ್ಕಿಂತ ಹೆಚ್ಚಾಗಿ ಒತ್ತಿಸಿಕೊಳ್ಳುತ್ತೆ. ಎಷ್ಟು ಉದ್ದ ಒತ್ತಿಸಿಕೊಳ್ಳುತ್ತೆ ಅನ್ನೋದು ಬೀಗದ ಹಲ್ಲುಗಳು, ಅಂದರೆ ಲಾಕಿಂಗ್ ಲಗ್‌ಗಳು, ಎಲ್ಲಿವೆ ಅನ್ನೋದರ ಮೇಲೆ ನಿಂತಿದೆ.

ಮೊದಲನೇ ಜಾತಿ, 1898ರ ಜರ್ಮನ್ ಮಾಸರ್ ಮತ್ತು ಅದರ ದಾರಿ ಹಿಡಿದ ಬಹುಪಾಲು ಇಂದಿನ ಬೇಟೆ ರೈಫಲ್‌ಗಳು. ಇವುಗಳಲ್ಲಿ ಮುಖ್ಯ ಲಗ್‌ಗಳು ಬೋಲ್ಟಿನ ಮೂತಿಯಲ್ಲೇ, ತೋಟಾಕ್ಕೆ ತಾಗಿದಂತೆ ಇರುತ್ತವೆ. ಆ 33 ಕ್ವಿಂಟಲ್ ಭಾರ ತೋಟಾದ ತಳದಿಂದ ಬೋಲ್ಟಿನ ಮೂತಿಗೆ, ಅಲ್ಲಿಂದ ಲಗ್‌ಗಳಿಗೆ, ಅಲ್ಲಿಂದ ರಿಸೀವರ್‌ಗೆ ಹೋಗಿ ಮುಗೀತು. ಹಿಂದಿನ ಉದ್ದನೆಯ ಮೈಗೆ ಈ ಜಗಳದ ಸುದ್ದಿಯೇ ಇಲ್ಲ. ಅದು ಮೂತಿಯನ್ನು ಹಿಂದೆ ಮುಂದೆ ಒಯ್ಯುವ ಹಿಡಿಕೆ, ಅಷ್ಟೇ. ಅಂಥ ಮೈಗೆ ಸಾಲು ಹೊಡೆದರೆ ಲಾಭ ಸಣ್ಣದು, ನಷ್ಟವೂ ಸಣ್ಣದು.

ಎರಡನೇ ಜಾತಿ, ಬ್ರಿಟಿಷರ ಲೀ-ಎನ್‌ಫೀಲ್ಡ್. ಇದರ ಲಗ್‌ಗಳು ಬೋಲ್ಟಿನ ಹಿಂಭಾಗದಲ್ಲಿ. ಭಾರ ಮೂತಿಯಲ್ಲಿ ಹತ್ತಿ, ಇಡೀ ಮೈಯುದ್ದಕ್ಕೂ ಹಾದು, ಹಿಂದೆ ಇಳಿಯಬೇಕು. ಅಂದರೆ ಇಲ್ಲಿ ಮೈಯೇ ಕಂಬ. ನಮ್ಮ ದೇಶದ ಆರ್ಡ್‌ನೆನ್ಸ್ ಫ್ಯಾಕ್ಟರಿಗಳು ಸಾರ್ವಜನಿಕರಿಗೆ ಮಾರುತ್ತ ಬಂದ .315 ಸ್ಪೋರ್ಟಿಂಗ್ ರೈಫಲ್ ಇದೇ ಲೀ-ಎನ್‌ಫೀಲ್ಡ್ ಕುಲದ್ದು. ವಿಡಿಯೊದಲ್ಲಿ ಸಾಲು ಹೊಡೆಸಿಕೊಂಡು ಮಿಂಚುವ ಬೋಲ್ಟ್ ಮೊದಲನೇ ಜಾತಿಯದ್ದು, ಭಾರತದಲ್ಲಿ ಲೈಸೆನ್ಸ್‌ದಾರನ ಕೈಗೆ ಸಿಗುವ ಹೆಸರಾಂತ ಬೋಲ್ಟ್ ರೈಫಲ್ ಎರಡನೇ ಜಾತಿಯದ್ದು. ಒಂದನ್ನು ನೋಡಿ ಇನ್ನೊಂದಕ್ಕೆ ಮಾಡೋಕೆ ಹೋದರೆ ಎಡವಟ್ಟು ಅಲ್ಲೇ.

ನಮ್ಮ ಮಾದರಿ ಅಳತೆಗಳನ್ನೇ ಹಿಂದೆ ಲಗ್ ಇರುವ ಬೋಲ್ಟಿಗೆ ಹಾಕೋಣ. ಸಾಲಿಲ್ಲದಾಗ ಅಡ್ಡಕೊಯ್ತ 135.7 ಚದರ ಮಿ.ಮೀ. 32.5 ಕಿಲೋನ್ಯೂಟನ್ ಭಾರಕ್ಕೆ ಸ್ಟ್ರೆಸ್ ಸುಮಾರು 240 ಮೆಗಾಪ್ಯಾಸ್ಕಲ್, 80 ಮಿ.ಮೀ. ಉದ್ದದಲ್ಲಿ ಬೋಲ್ಟ್ ಕುಗ್ಗೋದು 0.09 ಮಿ.ಮೀ. ಸಾಲು ಹೊಡೆದ ಮೇಲೆ ಅಡ್ಡಕೊಯ್ತ 106ಕ್ಕೆ ಇಳಿಯುತ್ತೆ, ಸ್ಟ್ರೆಸ್ 307ಕ್ಕೆ ಏರುತ್ತೆ, ಕುಗ್ಗುವಿಕೆ 0.12 ಮಿ.ಮೀ. ಆಗುತ್ತೆ. ಸಾಲಿನ ತಳದಲ್ಲಿ ಉಳಿದ ಗೋಡೆ ಬರೀ 1.4 ಮಿ.ಮೀ. ಇನ್ನು ಸಾಲಿನ ಕೊನೆಗಳಲ್ಲಿ ಸ್ಟ್ರೆಸ್ ಕಾನ್ಸಂಟ್ರೇಷನ್ ಇದ್ದದ್ದೇ, ಅದನ್ನು ನಾವು ಈ ಲೆಕ್ಕಕ್ಕೆ ಸೇರಿಸಿಲ್ಲ.

.315ರ ಒತ್ತಡ .30-06ಕ್ಕಿಂತ ಕಮ್ಮಿ, ಅದರ ಬೋಲ್ಟಿನ ಅಳತೆಯೂ ಬೇರೆ. ಹಾಗಾಗಿ ಇವು ಪಾಠದ ಅಂಕಿಗಳು, ಆ ರೈಫಲ್‌ನ ಅಂಕಿಗಳಲ್ಲ. ಆದರೆ ಅನುಪಾತದ ಪಾಠ ಬದಲಾಗಲ್ಲ: ಅಡ್ಡಕೊಯ್ತ ಶೇ. 22 ಇಳಿದರೆ ಕುಗ್ಗುವಿಕೆ ಶೇ. 28 ಏರುತ್ತೆ. ಬೋಲ್ಟ್ ಹಿಂದಕ್ಕೆ ಕುಗ್ಗಿದಷ್ಟೂ ತೋಟಾದ ಹಿತ್ತಾಳೆ ಕೋಶ ಹಿಗ್ಗಬೇಕು. ಕೋಶ ತಳದ ಹತ್ತಿರ ಹರಿದರೆ ಬಿಸಿ ಅನಿಲ ಹಿಂದಕ್ಕೆ ಬರುತ್ತೆ. ಹಿಂದೆ ಯಾರಿದ್ದಾರೆ ಅಂತ ಮೊದಲೇ ಹೇಳಿದ್ದೀವಿ.

ಕಂಬದ ಮಾತು ಬಂದರೆ

ಕಂಬಕ್ಕೆ ಸಾಲು ಕೊರೆಯೋದೇ ತಪ್ಪಾ ಅಂತ ಕೇಳಬಹುದು. ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋಗಿ ನೋಡಿ, ಇಲ್ಲಾ ಶಿಗ್ಗಾಂವ ತಾಲ್ಲೂಕಿನ ಬಂಕಾಪುರ ಕೋಟೆಯೊಳಗಿನ ಅರವತ್ತು ಕಂಬದ ಗುಡಿಗೆ, ಅಂದರೆ ನಗರೇಶ್ವರ ಗುಡಿಗೆ ಹೋಗಿ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಕಂಬಗಳನ್ನು ಲೇತ್ ಮೇಲೆ ತಿರುವಿದ ಹಾಗೆ ಕಡೆದಿದ್ದಾರೆ. ಬಳೆ ಬಳೆಯಾಗಿ ಉಬ್ಬು, ಬಳೆ ಬಳೆಯಾಗಿ ತಗ್ಗು. ಕಲ್ಲು ತೆಗೆದದ್ದು ಅಂದಕ್ಕೇ. ಆದರೂ ಕಂಬಗಳು ಇವತ್ತಿಗೂ ನಿಂತಿವೆ.

ಯಾಕೆ ಅಂತ ಲೆಕ್ಕ ಹೇಳುತ್ತೆ. ಒಂದು ಕಂಬದ ಅತಿ ಸಪೂರ ಕುತ್ತಿಗೆ 40 ಸೆಂ.ಮೀ. ವ್ಯಾಸ, ಅದರ ಮೇಲೆ 20 ಟನ್ ಭಾರ ಅಂತ ಅಂದಾಜಿಗೆ ಹಿಡಿಯಿರಿ. ಸ್ಟ್ರೆಸ್ 1.6 ಮೆಗಾಪ್ಯಾಸ್ಕಲ್. ಕಲ್ಲು ತಡೆಯೋದು ಹತ್ತಾರು ಮೆಗಾಪ್ಯಾಸ್ಕಲ್. ಕೆತ್ತಿ ಕಮ್ಮಿ ಮಾಡಿದ ಮೇಲೂ ದಂಡಿಯಾಗಿ ಉಳಿದಿದೆ. ಅಂದಕ್ಕೆ ಕೆತ್ತೋದು ತಪ್ಪಲ್ಲ. ಎಲ್ಲಿ ಉಳಿಕೆ ಇದೆಯೋ ಅಲ್ಲಿ ಕೆತ್ತಬೇಕು. ನೂರಾರು ಮೆಗಾಪ್ಯಾಸ್ಕಲ್‌ನಲ್ಲಿ ದುಡಿಯುವ ಬೋಲ್ಟಿಗೆ ಆ ಧಾರಾಳತನ ಇಲ್ಲ.

ಮೂರನೇ ಮತ್ತು ನಾಲ್ಕನೇ ಮಾತು

ನುಣ್ಣಗೆ ಓಡುತ್ತೆ ಅನ್ನೋದಕ್ಕೆ ಕೊಡುವ ಕಾರಣ, ತಾಗುವ ಜಾಗ ಕಮ್ಮಿ, ಅದಕ್ಕೆ ಘರ್ಷಣೆ ಕಮ್ಮಿ. ಮೊದಲ ವರ್ಷದ ಭೌತಶಾಸ್ತ್ರ ನೆನಪಿಸಿಕೊಳ್ಳಿ. ಒಣ ಘರ್ಷಣೆ ತಾಗುವ ವಿಸ್ತೀರ್ಣದ ಮೇಲೆ ನಿಂತಿಲ್ಲ, ಒತ್ತುವ ಬಲದ ಮೇಲೆ ನಿಂತಿದೆ. ದಪ್ಪ ಎಣ್ಣೆ ಅಥವಾ ಗ್ರೀಸ್ ಮೆತ್ತಿದ್ದರೆ ಮಾತು ಬೇರೆ. ಆಗ ಎಳೆತ ವಿಸ್ತೀರ್ಣಕ್ಕೆ ತಕ್ಕಂತೆ ಇರುತ್ತೆ, ಸಾಲುಗಳಿಂದ ಕೊಂಚ ಇಳಿಯುತ್ತೆ. ಎಣ್ಣೆ ತೆಳ್ಳಗೆ ಸವರಿದರೂ ಅದೇ ಲಾಭ ಸಿಗುತ್ತೆ ಅನ್ನಿ.

ಧೂಳಿನ ವಾದಕ್ಕೆ ಮಾತ್ರ ತೂಕ ಇದೆ. ಬ್ರಿಟಿಷ್ ಸೈನ್ಯದ ಎಲ್1ಎ1 ರೈಫಲ್‌ನಲ್ಲಿ ಬೋಲ್ಟ್ ಹೊತ್ತು ಓಡಾಡುವ ಕ್ಯಾರಿಯರ್ ಮೇಲೆ ಮರಳು ಸೇರಿಕೊಳ್ಳೋಕೆ ಅಂತಲೇ ಓರೆ ಸಾಲು ಕೊರೆದಿದ್ದರು. ಮರಳುಗಾಡಿನಲ್ಲಿ ಕಣಗಳು ಸಿಕ್ಕಿಹಾಕಿಕೊಂಡು ಬಿಗಿಯೋ ಬದಲು ಸಾಲಿಗೆ ಜಾರುತ್ತವೆ. ವೆದರ್‌ಬಿ ಕಂಪನಿಯ ಮಾರ್ಕ್ 5 ರೈಫಲ್ 1950ರ ದಶಕದ ಕೊನೆಯಿಂದಲೂ ಸಾಲಿನ ಬೋಲ್ಟಿನೊಂದಿಗೇ ಬಂದಿದೆ. ಅದರ ಮೈ ಲಗ್‌ಗಳಷ್ಟೇ ದಪ್ಪ, ರಿಸೀವರ್ ಒಳಗೆ ತುಂಬಿಕೊಂಡು ಓಡುತ್ತೆ. ಒಂಬತ್ತು ಲಗ್‌ಗಳೂ ಮುಂದೆಯೇ ಇವೆ. ದಪ್ಪ ಮೈ, ಮುಂದೆ ಲಗ್, ಕಾರ್ಖಾನೆಯಲ್ಲೇ ಯೋಚಿಸಿ ಹೊಡೆದ ಸಾಲು. ಅಲ್ಲಿ ಅದಕ್ಕೆ ಅರ್ಥ ಇದೆ. ಆದರೆ ಸವಣೂರಿನ ಎರೆಮಣ್ಣು ಮಳೆಗಾಲದಲ್ಲಿ ಮರಳಿನ ಹಾಗೆ ಜಾರಲ್ಲ, ಮೆತ್ತಿಕೊಳ್ಳುತ್ತೆ. ಅಂಥ ಕೆಸರು ಸಾಲಿನಲ್ಲಿ ಕೂತರೆ ಒರೆಸುವ ಕೆಲಸ ಹೆಚ್ಚಾಗುತ್ತೆ.

ಬೇಗ ಸಿಡಿಯುತ್ತೆ ಅನ್ನೋದು ಶುದ್ಧ ಗೊಂದಲ. ಕುದುರೆ ಒತ್ತಿದಾಗಿನಿಂದ ಪಿನ್ ಬಡಿಯುವವರೆಗಿನ ಸಮಯ ಪಿನ್ನಿನ ತೂಕ, ಸ್ಪ್ರಿಂಗ್‌ನ ಬಲ, ಪಿನ್ ಓಡುವ ದೂರದ ಮೇಲೆ ನಿಂತಿದೆ. ಆಗ ಬೋಲ್ಟಿನ ಮೈ ಅಲ್ಲಾಡೋದೇ ಇಲ್ಲ. ಅಲ್ಲಾಡದ ವಸ್ತುವನ್ನು ಹಗುರ ಮಾಡಿದರೆ ವೇಗ ಎಲ್ಲಿಂದ ಬರಬೇಕು?

ಊರಿನ ಬಂದೂಕಿಗೆ ಇದು ಅನ್ವಯಿಸುತ್ತಾ?

ನಾವು ಹೆಸರಿಸಿದ ನಾಲ್ಕು ತಾಲ್ಲೂಕುಗಳಲ್ಲಿ ಬೆಳೆ ರಕ್ಷಣೆಗೆ ಅಂತ ಸಾಮಾನ್ಯವಾಗಿ ಇಟ್ಟುಕೊಳ್ಳೋದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು, ಇಲ್ಲಾ 12 ಬೋರಿನ ಒಂಟಿ ಅಥವಾ ಜೋಡಿ ನಳಿಗೆ ಬಂದೂಕು. ಮೊದಲನೆಯದರ ಹಿಂಬದಿ ಮುಚ್ಚಿಯೇ ಇರುತ್ತೆ, ಎರಡನೆಯದು ನಡು ಮುರಿದು ತೆರೆಯುವಂಥದ್ದು. ಎರಡರಲ್ಲೂ ಬೋಲ್ಟೇ ಇಲ್ಲ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸು ಅಂತ ಆದೇಶ ಬರುವ, ಉಳಿದ ದಿನ ಗೋಡೆಗೆ ಒರಗಿರುವ ಬಂದೂಕು ಇದು. ಬೆಟ್ಟ ಹತ್ತಿ ಮೈಲಿಗಟ್ಟಲೆ ಹೊತ್ತು ತಿರುಗುವವರ ಗ್ರಾಂ ಲೆಕ್ಕ ಮಂಚಿಕೆ ಮೇಲೆ ಕೂತವರಿಗೆ ಬೇಕಿಲ್ಲ.

ಬೇಟೆ ಅನ್ನೋದು ಕೂಡ ಇಲ್ಲಿ ಹವ್ಯಾಸವಾಗಿ ಉಳಿದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಬೆಳೆಗೆ ಅಪಾಯ ಮಾಡುವ ಪ್ರಾಣಿಯ ವಿಷಯದಲ್ಲೂ 11ನೇ ಕಲಂ ಅಡಿ ಅಧಿಕಾರ ಇರುವ ಅರಣ್ಯಾಧಿಕಾರಿ ಬರಹದಲ್ಲಿ ಅನುಮತಿ ಕೊಡಬೇಕು. ಕೈಲಿ ಬಂದೂಕಿನ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಹಂದಿ ಹೊಡೆಯುವ ಲೈಸೆನ್ಸ್ ಇದೆ ಅಂತ ಅಲ್ಲ. ಬಂಕಾಪುರದ ನವಿಲು, ಬಯಲಿನ ಕೃಷ್ಣಮೃಗದ ಮಾತಂತೂ ಎತ್ತೋದೇ ಬೇಡ.

ಈಗ ನಮಗೆ ನೇರವಾಗಿ ತಾಗುವ ಮಾತು. ನಮ್ಮ ಜೊತೆ ಡಿಪ್ಲೊಮಾ, ಐಟಿಐ ಓದಿದ ಎಷ್ಟೋ ಗೆಳೆಯರು ಊರಲ್ಲಿ ಲೇತ್, ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ. ಕುಂಟೆ, ಕೂರಿಗೆ, ಟ್ರಾಲಿ ರಿಪೇರಿ ಅವರ ಅನ್ನ. ಪರಿಚಯದವರು ಬಂದು, 'ತಮ್ಮಾ, ಇದೊಂದು ಸಣ್ಣ ಕೆಲಸ ಮಾಡಿಕೊಡು' ಅಂತ ಬಂದೂಕಿನ ಭಾಗ ಮುಂದಿಟ್ಟರೆ ಮುಲಾಜಿಗೆ ಬೀಳೋದು ಸುಲಭ. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕನ್ನು ತಯಾರಿಸೋಕೆ, ಮಾರ್ಪಡಿಸೋಕೆ, ರಿಪೇರಿ ಮಾಡೋಕೆ, ಪರೀಕ್ಷಿಸೋಕೂ ಪ್ರತ್ಯೇಕ ಲೈಸೆನ್ಸ್ ಬೇಕು. ಅದು ಬಂದೂಕಿನ ಮಾಲೀಕನ ಲೈಸೆನ್ಸಿನಿಂದ ಬರಲ್ಲ. 2019ರ ತಿದ್ದುಪಡಿಯ ನಂತರ ಈ ಕಲಂ ಮುರಿದರೆ ಕನಿಷ್ಠ 7 ವರ್ಷ ಶಿಕ್ಷೆ, ಗರಿಷ್ಠ ಜೀವಾವಧಿ. ಹದಿನೆಂಟು ಗ್ರಾಂ ಚೂರಿಗೆ ಏಳು ವರ್ಷ. ಇದಕ್ಕಿಂತ ಕೆಟ್ಟ ವ್ಯಾಪಾರ ನಮಗಂತೂ ಗೊತ್ತಿಲ್ಲ.

ಕಾನೂನು ಪಕ್ಕಕ್ಕಿಟ್ಟರೂ ಕೆಲಸ ಸಣ್ಣದಲ್ಲ. ಹಳೆಯ ಮಾಸರ್ ಬೋಲ್ಟ್‌ಗಳು ಕೇಸ್ ಹಾರ್ಡನ್ ಮಾಡಿದವು. ಹೊರಗೆ ತೆಳ್ಳನೆಯ ಗಡಸು ಪದರ, ಒಳಗೆ ಮೆದು ಉಕ್ಕು. ಸಾಲು ಹೊಡೆದರೆ ಆ ಪದರವೇ ಹೋಗುತ್ತೆ. ಕೆಳಗಿನ ಮೆದು ಲೋಹ ಬೇಗ ಸವೆಯುತ್ತೆ, ಮಳೆಗಾಲದಲ್ಲಿ ತುಕ್ಕೂ ಹಿಡಿಯುತ್ತೆ. ಮತ್ತೆ ಹೀಟ್ ಟ್ರೀಟ್‌ಮೆಂಟ್ ಮಾಡೋಕೆ ಹೋದರೆ ಮೈ ಸೊಟ್ಟಗಾಗುವ ಭಯ.

ಹಾಗಾದರೆ ತೀರ್ಪು?

ಲಗ್‌ಗಳು ಮುಂದಿದ್ದು, ಕಾರ್ಖಾನೆಯೇ ಸಾಲು ಹೊಡೆದು, ಆಮೇಲೆ ಹೀಟ್ ಟ್ರೀಟ್‌ಮೆಂಟ್ ಮತ್ತು ಪರೀಕ್ಷೆ ಮುಗಿಸಿ ಕೊಟ್ಟ ರೈಫಲ್ ಆದರೆ ಅಂದಕ್ಕೆ ಇರಲಿ, ಧೂಳಿಗೆ ತುಸು ಅನುಕೂಲ. ಮನೇಲಿರುವ ಬೋಲ್ಟನ್ನು ತೂಕ ಇಳಿಸೋಕೆ ಅಂತ ಕೊರೆಸೋದು ದಂಡ. ಲಗ್‌ಗಳು ಹಿಂದಿದ್ದರೆ ಕೊರೆಯೋದು ಅಪಾಯ. ಬೋಲ್ಟೇ ಇಲ್ಲದ ಬಂದೂಕಿಗೆ ಈ ಪ್ರಶ್ನೆಯೇ ಇಲ್ಲ.

ಹಗುರ ಮಾಡುವ ಆಸೆ ನಮ್ಮ ಪ್ರಾಜೆಕ್ಟ್‌ಗಳಲ್ಲೂ ಬರುತ್ತೆ. ಬಾಹಾ ಗಾಡಿಯ ಶಾಫ್ಟ್, ಡ್ರೋನ್‌ನ ತೋಳು, ಸ್ಪ್ರೇಯರ್‌ನ ಚೌಕಟ್ಟು, ಎಲ್ಲಕ್ಕೂ ಡ್ರಿಲ್ಲು ಹಿಡಿಯುವ ಮೊದಲು ಮೂರು ಸಾಲು ಹಾಳೆ ಮೇಲೆ ಬರೆಯಿರಿ. ಭಾರ ಎಲ್ಲಿ ಹತ್ತುತ್ತೆ, ಯಾವ ದಾರಿಯಲ್ಲಿ ಹೋಗುತ್ತೆ, ಎಲ್ಲಿ ಇಳಿಯುತ್ತೆ. ದಾರಿಯ ಮೇಲಿರುವ ಲೋಹ ಮುಟ್ಟಬೇಡಿ. ದಾರಿಯಿಂದ ದೂರ ಇರೋದನ್ನು ಧೈರ್ಯವಾಗಿ ತೆಗೆಯಿರಿ. ತೆಗೆದ ಚೂರನ್ನು ತಕ್ಕಡಿಗೆ ಹಾಕಿ, ಆ ಗ್ರಾಂಗಳಿಗೆ ನೀವು ಕೊಟ್ಟ ಬೆಲೆ ಎಷ್ಟು ಅಂತ ಪಕ್ಕದಲ್ಲೇ ಬರೆದಿಡಿ.